ತೂಕಡಿಸುವ ಮಗುವಿನ ರಾತ್ರಿ ಹೇಗಿತ್ತು, ಯಾರಾದರೂ ಕೇಳಿದ್ದೀರಾ?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಶಿಕ್ಷಕರೊಬ್ಬರ ಪತ್ರ ಬಂದಿತ್ತು. ಮಕ್ಕಳು ಮೊದಲ ಪೀರಿಯಡ್‌ನಲ್ಲೇ ತೂಕಡಿಸುತ್ತಾರೆ, ಪ್ರಶ್ನೆ ಕೇಳಿದರೆ ಪಿಳಿಪಿಳಿ ನೋಡುತ್ತಾರೆ, ಸಣ್ಣದಕ್ಕೂ ಸಿಡುಕುತ್ತಾರೆ, ಇದಕ್ಕೆಲ್ಲ ರಾತ್ರಿ ಕೈಗೆ ಮೊಬೈಲ್ ಕೊಟ್ಟು ಸುಮ್ಮನಾಗುವ ಅಪ್ಪ ಅಮ್ಮಂದಿರೇ ಕಾರಣ ಅಂತ ಬರೆದಿದ್ದರು. ಮೇಷ್ಟ್ರ ಮಾತು ಸುಳ್ಳಲ್ಲ. ಎಷ್ಟೋ ಮನೆಯ ಕಥೆ ಅದೇ. ಆದರೆ ನನ್ನ ಮಗ ಮೂರನೇ ಕ್ಲಾಸಿನಲ್ಲಿದ್ದಾಗ ಅವನ ಡೈರಿಯಲ್ಲೂ ಹೆಚ್ಚುಕಡಿಮೆ ಇದೇ ಮಾತುಗಳನ್ನು ಕೆಂಪು ಇಂಕಿನಲ್ಲಿ ಬರೆದು ಕಳಿಸಿದ್ದರು. ನಮ್ಮ ಮನೆಯಲ್ಲಿ ಆಗ ಮಕ್ಕಳ ಕೈಗೆ ಮೊಬೈಲ್ ಕೊಡುವ ಪದ್ಧತಿಯೇ ಇರಲಿಲ್ಲ. ಹಾಗಾಗಿ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ಕತ್ತರಿ ಹಾಕುವುದಿದ್ದರೆ ಹಾಕಿ.

ಅವನ ರಾತ್ರಿ ಹೇಗಿರುತ್ತಿತ್ತು ಅಂತ ಹೇಳುತ್ತೇನೆ. ಒಂಬತ್ತೂವರೆಗೆ ಮಲಗುತ್ತಿದ್ದ, ಚೆನ್ನಾಗೇ ಮಲಗುತ್ತಿದ್ದ. ಮೂರು, ಮೂರೂವರೆ ಹೊತ್ತಿಗೆ ಒಂದು ಒಣ ಕೆಮ್ಮು. ಆಮೇಲೆ ಇನ್ನೊಂದು. ಹತ್ತು ನಿಮಿಷ ಬಿಟ್ಟು ಸಾಲಾಗಿ ಶುರು. ಕೊನೆಗೆ ಎದ್ದು ಕೂರುತ್ತಿದ್ದ. ಎರಡು ದಿಂಬು ಬೆನ್ನಿಗೆ, ಮೊಣಕೈ ಎರಡೂ ಮೊಣಕಾಲಿನ ಮೇಲೆ, ಭುಜ ಮೇಲೆತ್ತಿಕೊಂಡು, ಮುದುಕರು ಜಗಲಿ ಮೇಲೆ ಕೂರುವ ಥರ. ಎಂಟು ವರ್ಷದ ಹುಡುಗ. ಕತ್ತಿನ ಕೆಳಗಿನ ಗುಳಿ ಪ್ರತಿ ಉಸಿರಿಗೂ ಒಳಕ್ಕೆ ಹೋಗುತ್ತಿತ್ತು. ಕಿವಿ ಹತ್ತಿರ ಇಟ್ಟರೆ ಉಸಿರು ಬಿಡುವಾಗ ಸುಂಯ್ ಅಂತ ಸಣ್ಣಗೆ ಸೀಟಿ. ಒಂದು ದಿನ ಏನೂ ಮಾತಾಡದೆ ಕೂತಿದ್ದಾನಲ್ಲ ಅಂತ ಕೇಳಿದರೆ, 'ಎಣಿಸ್ತಾ ಇದೀನಮ್ಮ, ನೂರು ಉಸಿರಾದ್ರೆ ಬೆಳಗಾಗುತ್ತೆ' ಅಂದ. ನೂರಾಗುತ್ತಿತ್ತು, ಇನ್ನೂರಾಗುತ್ತಿತ್ತು. ಐದೂವರೆಗೆ ನಿಮ್ಮ ಪತ್ರಿಕೆ ಗೇಟಿನ ಒಳಗೆ ಧೊಪ್ಪಂತ ಬೀಳುವ ಸದ್ದು ಕೇಳಿಸುತ್ತಲ್ಲ, ಹೆಚ್ಚುಕಡಿಮೆ ಆಗ ಅವನಿಗೆ ನಿದ್ದೆ ಹತ್ತುತ್ತಿತ್ತು. ಆರೂಕಾಲಿಗೆ ನಾನೇ ಎಬ್ಬಿಸುತ್ತಿದ್ದೆ. ಏಳೂಕಾಲಿಗೆ ವ್ಯಾನ್.

ಇನ್ನು ಅವನು ತೂಕಡಿಸದೆ ಏನು ಮಾಡಬೇಕಿತ್ತು, ಹೇಳಿ.

ವಿಚಿತ್ರ ಅಂದರೆ ಇದು ಉಬ್ಬಸ ಅಂತ ನಮಗೆ ಒಂದೂವರೆ ವರ್ಷ ಗೊತ್ತೇ ಆಗಲಿಲ್ಲ. ಹಗಲು ಹೊತ್ತು ಅವನು ಆರಾಮಾಗಿರುತ್ತಿದ್ದ. ಸಂಜೆ ಕ್ಲಿನಿಕ್‌ಗೆ ಕರೆದುಕೊಂಡು ಹೋದರೆ ಡಾಕ್ಟರ್ ಸ್ಟೆತಾಸ್ಕೋಪ್ ಇಟ್ಟು 'ಎದೆ ಕ್ಲಿಯರ್ ಇದೆ' ಅನ್ನುತ್ತಿದ್ದರು. ಸಂಜೆ ಆರು ಗಂಟೆಗೆ ಕ್ಲಿಯರ್ ಇರುವುದು ಬೆಳಗಿನ ಜಾವ ನಾಲ್ಕಕ್ಕೂ ಹಾಗೇ ಇರಬೇಕು ಅಂತೇನಿಲ್ಲ ಅನ್ನುವುದು ನಮಗೆ ತಿಳಿದಿರಲಿಲ್ಲ. ಕೆಮ್ಮಿನ ಸಿರಪ್, ಐದು ದಿನ ಆಂಟಿಬಯಾಟಿಕ್, ಹದಿನೈದು ದಿನ ಬಿಟ್ಟು ಮತ್ತೆ ಅದೇ. ಮನೆಯಲ್ಲಿ ಶುಂಠಿ, ಜೇನು, ದೊಡ್ಡಪತ್ರೆ ರಸ, ಎದೆಗೆ ಬಿಸಿ ಎಣ್ಣೆ, ದೃಷ್ಟಿ ತೆಗೆದಿದ್ದೂ ಆಯಿತು. ಒಂದು ಸಲ ಬೇರೆ ಸಿರಪ್ ಕೊಟ್ಟರು. ಉಸಿರೇನೋ ಸ್ವಲ್ಪ ಸಲೀಸಾಯಿತು, ಆದರೆ ಮಗುವಿನ ಕೈ ನಡುಗೋದು, ಎದೆ ಡವಗುಟ್ಟೋದು, ರಾತ್ರಿ ಎರಡರವರೆಗೂ ಕಣ್ಣು ಬಿಟ್ಟುಕೊಂಡು ಹಾಸಿಗೆಯಲ್ಲಿ ಹೊರಳೋದು. ಕೆಮ್ಮು ನಿದ್ದೆ ಕೆಡಿಸುತ್ತೆ ಅಂತ ಔಷಧಿ ಕೊಟ್ಟರೆ ಔಷಧಿಯೇ ನಿದ್ದೆ ಕೆಡಿಸಿತು. ಅದು ಶ್ವಾಸನಾಳ ತೆರೆಯುವ ಸಾಲ್ಬುಟಮಾಲ್ ಅನ್ನುವ ಔಷಧಿಯ ಸಿರಪ್ ಅಂತ, ಹಾಗಾಗೋದು ಅದರ ಗುಣ ಅಂತ ಆಮೇಲೆ ಗೊತ್ತಾಯಿತು.

ನಮ್ಮನ್ನು ದಾರಿಗೆ ತಂದಿದ್ದು ಹಾಲಿನ ಲೆಕ್ಕದ ಕ್ಯಾಲೆಂಡರ್. ಅಡುಗೆಮನೆ ಗೋಡೆಯಲ್ಲಿ ನೇತು ಹಾಕಿರುತ್ತೇವಲ್ಲ, ಅದೇ. ಆ ವರ್ಷ ಡಿಸೆಂಬರ್‌ನಲ್ಲಿ ಯಾಕೋ ತಲೆ ಕೆಟ್ಟು, ಅವನು ಎದ್ದ ರಾತ್ರಿಗಳಿಗೆಲ್ಲ ತಾರೀಕಿನ ಪಕ್ಕ 'ಕೆ' ಅಂತ ಬರೆಯತೊಡಗಿದೆ. ಕೆ ಅಂದರೆ ಕೆಮ್ಮು. ತಿಂಗಳ ಕೊನೆಗೆ ಹನ್ನೊಂದು 'ಕೆ' ಇದ್ದವು. ಆಮೇಲೆ ಏನೋ ಹೊಳೆದು ಶಾಲೆಯ ಡೈರಿ ತಂದು ಪಕ್ಕದಲ್ಲಿಟ್ಟು ನೋಡಿದೆ. 'ಗಮನವಿಲ್ಲ', 'ಹೋಮ್‌ವರ್ಕ್ ಅರ್ಧ', 'ಪಕ್ಕದವನ ಜೊತೆ ಜಗಳ', ಒಟ್ಟು ನಾಲ್ಕು ದೂರು. ನಾಲ್ಕೂ 'ಕೆ' ಇದ್ದ ದಿನಗಳೇ. ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯಿತು. ಯಾಕೆಂದರೆ ಆ ನಾಲ್ಕು ದಿನವೂ ಡೈರಿ ನೋಡಿ ನಾನೂ ಬೈದಿದ್ದೆ.

ಆ ಕ್ಯಾಲೆಂಡರ್ ಹಾಳೆಯ ಫೋಟೊ, ಜೊತೆಗೆ ಬೆಳಗಿನ ಜಾವ ಅವನು ಕೂತು ಉಸಿರು ಎಳೆಯುವ ಅರ್ಧ ನಿಮಿಷದ ವಿಡಿಯೊ, ಎರಡನ್ನೂ ಇನ್ನೊಬ್ಬ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಅವರು ಎದೆ ಪರೀಕ್ಷೆಗೆ ಮೊದಲೇ ಕೇಳಿದ ಪ್ರಶ್ನೆ: 'ರಾತ್ರಿ ಹೇಗೆ ಮಲಗ್ತಾನೆ?' ಒಂದೂವರೆ ವರ್ಷದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಆಸ್ತಮಾ ಹಿಡಿತದಲ್ಲಿದೆಯಾ ಇಲ್ಲವಾ ಅಂತ ನೋಡಲು ಜಗತ್ತಿನ ಡಾಕ್ಟರುಗಳೆಲ್ಲ ಬಳಸುವ ನಾಲ್ಕು ಪ್ರಶ್ನೆಗಳಿವೆಯಂತೆ. ಹಗಲಿನ ತೊಂದರೆ, ಪಂಪ್ (ಔಷಧಿಯನ್ನು ಉಸಿರಿನ ಜೊತೆ ಎಳೆದುಕೊಳ್ಳುವ ಇನ್‌ಹೇಲರ್) ಬೇಕಾಗುವುದು, ಇವೆರಡಕ್ಕೆ ವಾರಕ್ಕೆ ಎರಡು ಸಲದವರೆಗೆ ವಿನಾಯಿತಿ ಇದೆ. ಆಟಪಾಟಕ್ಕೆ ಅಡ್ಡಿಯಾಗಿದೆಯಾ ಅನ್ನೋದು ಇನ್ನೊಂದು. ರಾತ್ರಿ ಎಚ್ಚರವಾಗೋದಕ್ಕೆ ಮಾತ್ರ ವಿನಾಯಿತಿಯೇ ಇಲ್ಲ. ಕಳೆದ ನಾಲ್ಕು ವಾರದಲ್ಲಿ ಉಬ್ಬಸದಿಂದ ಒಂದೇ ಒಂದು ರಾತ್ರಿ ಎದ್ದಿದ್ದರೂ ಅದು ಲೆಕ್ಕಕ್ಕೆ ಬರುತ್ತೆ. ನಮ್ಮದು ಹನ್ನೊಂದು.

ಯಾಕೆ ರಾತ್ರಿಯೇ ಅಂತ ಕೇಳಿದೆ. ನಮ್ಮ ಶ್ವಾಸನಾಳಕ್ಕೂ ಒಂದು ಗಡಿಯಾರ ಇದೆಯಂತೆ. ಎಲ್ಲರಿಗೂ ಬೆಳಗಿನ ಜಾವ ನಾಲ್ಕರ ಸುಮಾರಿಗೆ ಅದು ಸ್ವಲ್ಪ ಕಿರಿದಾಗುತ್ತೆ. ಉರಿಯೂತ ತಗ್ಗಿಸುವ ಕಾರ್ಟಿಸಾಲ್ ಅನ್ನುವ ಹಾರ್ಮೋನು ಮಧ್ಯರಾತ್ರಿ ಹೊತ್ತಿಗೆ ತೀರಾ ಕೆಳಗಿಳಿದಿರುತ್ತೆ. ನನಗೂ ನಿಮಗೂ ಇದು ಗೊತ್ತೇ ಆಗುವುದಿಲ್ಲ. ಆದರೆ ಮೊದಲೇ ಊದಿಕೊಂಡಿರುವ ನಾಳಕ್ಕೆ ಆ ಸ್ವಲ್ಪವೇ ಜಾಸ್ತಿ. ಇದು ಬರೀ ಮಲಗಿದ್ದರಿಂದ ಆಗೋದಲ್ಲ ಅಂತ 2021ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಆಸ್ತಮಾ ಇರುವ 17 ಜನರನ್ನು ಮಂದ ಬೆಳಕಿನಲ್ಲಿ, ಹಗಲು ರಾತ್ರಿ ತಿಳಿಯದ ಹಾಗೆ ಇಟ್ಟು ನೋಡಿದರು. ಎಚ್ಚರವಾಗಿದ್ದರೂ ಅವರ ಶ್ವಾಸ ರಾತ್ರಿ ಹೊತ್ತಲ್ಲೇ ಕುಗ್ಗುತ್ತಿತ್ತು. ದೊಡ್ಡವರು ಬ್ರಾಹ್ಮೀ ಮುಹೂರ್ತ ಅಂತ ಎದ್ದು ಪ್ರಾಣಾಯಾಮಕ್ಕೆ ಕೂರುವ ಹೊತ್ತೇ ಈ ಮಕ್ಕಳ ಪ್ರಾಣ ಹಿಂಡುವ ಹೊತ್ತು. ಸುಮ್ನೆ ಹೇಳಿದೆ.

ಅದರ ಮೇಲೆ ನಾವು ಮಾಡುವ ಕೆಲಸಗಳು ಬೇರೆ. ನಮ್ಮ ಮನೆಯ ಪಟ್ಟಿ ಕೊಟ್ಟರೆ ನೀವು ನಗುತ್ತೀರಿ. ಬೆಂಗಳೂರಿನ ಡಿಸೆಂಬರ್ ಚಳಿ ಅಂತ ಅಟ್ಟದ ಮೇಲಿದ್ದ ಅಜ್ಜಿ ಕಾಲದ ಹತ್ತಿ ರಜಾಯಿ ಇಳಿಸಿ, ಒಂದು ಸಲ ಕೊಡವಿ, ಅವನಿಗೇ ಹೊದಿಸಿದ್ದೆ. ಹಾಸಿಗೆ, ದಿಂಬು, ಹಳೇ ರಜಾಯಿಗಳಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳುಗಳು ಇರುತ್ತವೆ, ಅವುಗಳ ಹಿಕ್ಕೆಯೇ ಎಷ್ಟೋ ಮಕ್ಕಳಿಗೆ ಅಲರ್ಜಿ. ಸಂಜೆ ದೇವರ ಮನೆಯಲ್ಲಿ ಸಾಂಬ್ರಾಣಿ. ಕಿಟಕಿ ಮುಚ್ಚಿ ಮಂಚದ ಕೆಳಗೆ ಸೊಳ್ಳೆ ಬತ್ತಿ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟು ಸುಟ್ಟಷ್ಟು ಅಂತ 2003ರಲ್ಲೇ ಲೆಕ್ಕ ಹಾಕಿದ್ದಾರೆ. ನಮ್ಮ ಯಜಮಾನರು ಮನೆಯೊಳಗೆ ಯಾರೂ ಸಿಗರೇಟು ಸೇದಬಾರದು ಅಂತ ಸ್ಟ್ರಿಕ್ಟು. ಸೊಳ್ಳೆ ಬತ್ತಿಗೆ ಕಡ್ಡಿ ಗೀರುತ್ತಿದ್ದವರೂ ಅವರೇ. ಈಗ ಸೊಳ್ಳೆಪರದೆ ಕಟ್ಟುತ್ತೇವೆ, ಹಾಸಿಗೆ ಬಟ್ಟೆ ವಾರಕ್ಕೊಮ್ಮೆ ಕೈ ಇಡಲಾಗದಷ್ಟು ಬಿಸಿನೀರಿನಲ್ಲಿ ಒಗೆಯುತ್ತೇವೆ.

ಇನ್ನು ಪಂಪ್ ವಿಷಯ. ಡಾಕ್ಟರ್ ಇನ್‌ಹೇಲರ್ ಅಂದ ತಕ್ಷಣ ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಮನೆಯಲ್ಲಿ ಅತ್ತೆ, 'ಪಂಪ್ ಹಚ್ಚಿದ್ರೆ ಆಮೇಲೆ ಬಿಡೋಕಾಗಲ್ಲ, ಮಾತ್ರೆನೇ ಕೊಡಿ' ಅಂದರು. ನಮ್ಮ ಸಮಾಜದಲ್ಲಿ ಈ ಮಾತು ಹೇಳದ ಮನೆ ಇಲ್ಲ ಅನಿಸುತ್ತೆ. ಡಾಕ್ಟರ್ ಜಗಳ ಮಾಡಲಿಲ್ಲ, ಒಂದು ಚೀಟಿಯ ಹಿಂದೆ ಲೆಕ್ಕ ಬರೆದು ತೋರಿಸಿದರು. ಸಾಲ್ಬುಟಮಾಲ್ ಸಣ್ಣ ಮಾತ್ರೆಯಲ್ಲಿ 2 ಮಿಲಿಗ್ರಾಂ ಇರುತ್ತೆ. ಪಂಪ್ ಒಂದು ಸಲ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ. ಅಂದರೆ ಒಂದು ಮಾತ್ರೆ ಇಪ್ಪತ್ತು ಸಲ ಒತ್ತಿದ್ದಕ್ಕೆ ಸಮ, ಅದೂ ಎದೆಗೆ ನೇರವಾಗಿ ಹೋಗದೆ ಹೊಟ್ಟೆ, ರಕ್ತ ಎಲ್ಲ ಸುತ್ತಿಕೊಂಡು ಹೋಗುತ್ತೆ. ನಮ್ಮತ್ತೆ ನಲವತ್ತು ವರ್ಷ ರೇಷನ್ ಲೆಕ್ಕ ನೋಡಿದವರು. ಚೀಟಿ ಎರಡು ಸಲ ತಿರುಗಿಸಿ ನೋಡಿ, 'ಹಾಗಾದ್ರೆ ಪಂಪೇ ವಾಸಿ ಬಿಡು' ಅಂದರು.

ಇಲ್ಲಿ ಒಂದು ಗೊಂದಲ ಬಹಳ ಜನಕ್ಕೆ ಇದೆ. ಪಂಪ್‌ನಲ್ಲಿ ಎರಡು ಥರ. ಒಂದು, ಆ ಕ್ಷಣಕ್ಕೆ ನಾಳ ತೆರೆಯುವುದು, ಸಾಮಾನ್ಯವಾಗಿ ನೀಲಿ ಬಣ್ಣದ್ದು. ಇನ್ನೊಂದು, ಒಳಗಿನ ಊತ ಇಳಿಸುವ ಸ್ಟಿರಾಯ್ಡ್ ಪಂಪ್, ಅದನ್ನು ಕೆಮ್ಮು ಇರಲಿ ಬಿಡಲಿ ದಿನಾ ಎಳೆಯಬೇಕು. ರಾತ್ರಿ ನಿದ್ದೆ ವಾಪಸ್ ತಂದುಕೊಟ್ಟಿದ್ದು ಈ ಎರಡನೆಯದು. ಸ್ಟಿರಾಯ್ಡ್ ಅಂದರೆ ಹೆದರಿಕೆ ಸಹಜ, ಎತ್ತರ ಬೆಳೆಯಲ್ಲ ಅಂತಾರೆ. ಅದರಲ್ಲೂ ಸ್ವಲ್ಪ ಸತ್ಯ ಇದೆ. ಬಾಲ್ಯದಲ್ಲಿ ನಾಲ್ಕಾರು ವರ್ಷ ಬುಡೆಸೊನೈಡ್ ಅನ್ನುವ ಸ್ಟಿರಾಯ್ಡ್ ಪಂಪ್ ಎಳೆದ ಮಕ್ಕಳು ದೊಡ್ಡವರಾದ ಮೇಲೆ ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಇದ್ದರು ಅಂತ 2012ರಲ್ಲಿ ಅಮೆರಿಕದ ಅಧ್ಯಯನವೊಂದು ಹೇಳಿತು. ಅರ್ಧ ಇಂಚಿಗೂ ಕಡಿಮೆ. ಹನ್ನೊಂದು ರಾತ್ರಿ ಕೂತು ಕಳೆದ ಹುಡುಗನ ಅಮ್ಮನಾಗಿ ನಾನು ಆ ಅರ್ಧ ಇಂಚನ್ನು ಖುಷಿಯಿಂದ ಕೊಟ್ಟೆ.

ಹಾಗಂತ ಎಲ್ಲ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಜೊತೆಗೆ ಉಬ್ಬಸಕ್ಕೇ ಅಂತ ರಾತ್ರಿ ಹೊತ್ತು ಅಗಿದು ತಿನ್ನುವ ಮಾಂಟೆಲುಕಾಸ್ಟ್ ಅನ್ನುವ ಮಾತ್ರೆ ಕೊಟ್ಟಿದ್ದರು. ಎರಡು ವಾರಕ್ಕೆ ಕೆಮ್ಮು ಹೋಯಿತು, ಆದರೆ ಕೆಟ್ಟ ಕನಸು ಬಿದ್ದು ಕಿರುಚಿಕೊಂಡು ಏಳತೊಡಗಿದ. ಫೋನ್ ಮಾಡಿದ ದಿನವೇ ನಿಲ್ಲಿಸಿ ಅಂದರು. ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ, ಆದರೆ ಕೆಲವರಿಗೆ ನಿದ್ದೆ, ಮನಸ್ಸು ಏರುಪೇರಾಗುತ್ತೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನೇ ಹಾಕಿಸಿದೆ. ಆ ಮಾತ್ರೆ ನಡೆಯುತ್ತಿರುವ ಮನೆಯವರು ಮಗು ಕನಸಿಗೆ ಬೆಚ್ಚಿದರೆ ಡಾಕ್ಟರಿಗೆ ಹೇಳಿ, ದೆವ್ವ ಭೂತ ಅಂತ ಹೋಗಬೇಡಿ.

ದಸರಾ ರಜೆಯಲ್ಲಿ ಊರಿಗೆ ಹೋದಾಗ 'ಈಗ ಹುಷಾರಾಗಿದಾನಲ್ಲ' ಅಂತ ನಾನೇ ಪಂಪ್ ಬಿಡಿಸಿದೆ. ಯಾರ ತಪ್ಪೂ ಅಲ್ಲ, ನನ್ನದೇ. ದೀಪಾವಳಿಯ ಎರಡನೇ ರಾತ್ರಿ, ಬೀದಿಯೆಲ್ಲ ಪಟಾಕಿ ಹೊಗೆ, ಅವನು ಒಂದು ವಾಕ್ಯ ಪೂರ್ತಿ ಹೇಳಲಾಗದೆ ಎರಡೆರಡೇ ಪದ ಹೇಳುತ್ತಿದ್ದ. ನೀಲಿ ಪಂಪ್ ಕೊಟ್ಟರೂ ನಿಲ್ಲಲಿಲ್ಲ. ಎರಡು ದಿನ ಆಸ್ಪತ್ರೆ. ಮಾತು ತುಂಡಾಗೋದು, ಪಕ್ಕೆಲುಬಿನ ಸಂದು ಒಳಕ್ಕೆ ಎಳೆಯೋದು, ತುಟಿ ನೀಲಿಯಾಗೋದು, ಪಂಪ್ ಕೊಟ್ಟರೂ ಸ್ವಲ್ಪ ಹೊತ್ತಿಗೆ ಮತ್ತೆ ಬರೋದು, ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬಾರದು, 108ಕ್ಕೆ ಫೋನ್ ಮಾಡಬೇಕು ಅಂತ ಅವತ್ತು ಕಲಿತೆ.

ಪ್ರತಿ ಜೂನ್‌ನಲ್ಲಿ ಮೃಗಶಿರ ಹುಟ್ಟುವ ಹೊತ್ತಿಗೆ ಉಬ್ಬಸಕ್ಕೆ ಅಂತ ಕೊಡುವ ಹೈದರಾಬಾದಿನ ಮೀನಿನ ಔಷಧಿ ಸುದ್ದಿ ಬರುತ್ತಲ್ಲ, ನಮ್ಮ ಭಾವನವರು ಟಿಕೆಟ್ಟೂ ಮಾಡಿಸಿದ್ದರು. ನಾವು ಹೋಗಲಿಲ್ಲ. ಹೋಗುವವರ ನಂಬಿಕೆಯ ಬಗ್ಗೆ ನನ್ನ ತಕರಾರಿಲ್ಲ, ಮಗುವಿನ ಪಂಪ್ ಮಾತ್ರ ನಿಲ್ಲಿಸಬೇಡಿ.

ಈಗ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ನಮ್ಮದೊಂದೇ ಮನೆಯ ಕಥೆ ಅಲ್ಲ ಇದು. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಇಪ್ಪತ್ತು ವರ್ಷ ಇದರ ಲೆಕ್ಕ ಇಟ್ಟಿದ್ದರು. 1979ರಲ್ಲಿ ಅವರು ನೋಡಿದ ಮಕ್ಕಳಲ್ಲಿ ಶೇ 9ರಷ್ಟು ಮಂದಿಗೆ ಆಸ್ತಮಾ ಇತ್ತು, 1999ರ ಹೊತ್ತಿಗೆ ಅದು ಶೇ 29.5. ಅದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ, ಊರಿನ ಎಲ್ಲ ಮಕ್ಕಳದ್ದಲ್ಲ. ಆದರೂ ಏರಿಕೆ ನೋಡಿ. ಊರಿನಲ್ಲಿ ವಾಹನ ಹೆಚ್ಚಿದ್ದೂ, ಗಾಳಿ ಕೆಟ್ಟಿದ್ದೂ ಅದೇ ಇಪ್ಪತ್ತು ವರ್ಷದಲ್ಲಿ. ಇನ್ನು ನಿದ್ದೆಯ ವಿಷಯ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಆಸ್ತಮಾ ಇರುವ ಮಕ್ಕಳ 438 ತಂದೆ ತಾಯಿಯರನ್ನು ಕೇಳಿದಾಗ, ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಕ್ಕಳು ಹಿಂದಿನ ನಾಲ್ಕು ವಾರದಲ್ಲಿ ರಾತ್ರಿ ಎದ್ದಿದ್ದರು. ಹಾಗೆ ಎದ್ದ ಮಕ್ಕಳು ಶಾಲೆ ತಪ್ಪಿಸಿದ್ದೂ ಜಾಸ್ತಿ, ಓದಿನಲ್ಲಿ ಹಿಂದೆ ಬಿದ್ದಿದ್ದೂ ಜಾಸ್ತಿ, ಅವರ ಅಪ್ಪ ಅಮ್ಮ ಕೆಲಸಕ್ಕೆ ರಜೆ ಹಾಕಿದ್ದೂ ಜಾಸ್ತಿ. ಕೊನೆಯದು ನನಗೆ ಯಾರೂ ಹೇಳಬೇಕಿರಲಿಲ್ಲ. ಆ ವರ್ಷ ಮಾರ್ಚ್‌ಗೆ ನನ್ನ ಕ್ಯಾಶುಯಲ್ ಲೀವ್ ಒಂದೂ ಉಳಿದಿರಲಿಲ್ಲ.

ರಾತ್ರಿ ಕೆಮ್ಮೋ ಮಕ್ಕಳಿಗೆಲ್ಲ ಆಸ್ತಮಾ ಇರುತ್ತೆ ಅಂತ ನಾನು ಹೇಳುತ್ತಿಲ್ಲ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವ ಮಕ್ಕಳಿದ್ದಾರೆ, ಮೂಗಿನ ಹಿಂಭಾಗದ ಅಡಿನಾಯ್ಡ್ ಗ್ರಂಥಿ ಊದಿ ಗೊರಕೆ ಹೊಡೆಯುವ ಮಕ್ಕಳಿದ್ದಾರೆ. ಏನೇ ಇರಲಿ, ತೂಕಡಿಸುವ ಮಗುವನ್ನು ಎಬ್ಬಿಸಿ ನಿಲ್ಲಿಸುವ ಮೊದಲು 'ರಾತ್ರಿ ನಿದ್ದೆ ಬಂತಾ?' ಅಂತ ಒಂದು ಮಾತು ಕೇಳಿ ಅಷ್ಟೇ. ಮಕ್ಕಳು ತಾವಾಗಿ ಹೇಳುವುದಿಲ್ಲ. ನನ್ನ ಮಗನಿಗೆ ಎಲ್ಲರೂ ರಾತ್ರಿ ಹಾಗೇ ಎದ್ದು ಕೂರುತ್ತಾರೆ ಅನ್ನುವ ಕಲ್ಪನೆ ಇತ್ತು. ಶಾಲೆಯವರು ಜೂನ್‌ನಲ್ಲಿ ರಕ್ತದ ಗುಂಪು, ಆಧಾರ್ ಎಲ್ಲ ಬರೆಸಿಕೊಳ್ಳುತ್ತಾರೆ. ಅದರಲ್ಲಿ ಉಬ್ಬಸ ಇದೆಯಾ, ಪಂಪ್ ಬ್ಯಾಗಿನಲ್ಲಿರುತ್ತಾ ಅಂತ ಒಂದು ಸಾಲು ಸೇರಿಸಿದರೆ ಕಾಗದಕ್ಕೆ ಭಾರ ಆಗುತ್ತಾ? ನನ್ನ ಮಗನ ಪಂಪ್ ಅನ್ನು ಒಮ್ಮೆ ಆಟದ ಸಾಮಾನು ಅಂತ ಕಿತ್ತಿಟ್ಟುಕೊಂಡಿದ್ದರು. ಶಾಲೆ ಯಾವುದು ಅಂತ ಇಲ್ಲಿ ಬೇಡ, ಆಮೇಲೆ ಅವರೇ ಬೇಜಾರು ಮಾಡಿಕೊಂಡರು.

ಮುಗಿಸುವ ಮೊದಲು ಇನ್ನೊಂದು ಮಗುವಿನ ವಿಷಯ. ನಮ್ಮ ಮನೆಗೆಲಸಕ್ಕೆ ಬರುವಾಕೆಯದು ರಾಯಚೂರು ಕಡೆ. ಗಂಡ ಕಟ್ಟಡದ ಕೆಲಸ, ಸೈಟಿನ ಪಕ್ಕದ ತಗಡಿನ ಶೆಡ್ಡಿನಲ್ಲೇ ವಾಸ. ಸಿಮೆಂಟ್ ಧೂಳು, ಸೌದೆ ಒಲೆ ಹೊಗೆ, ಸುತ್ತ ಕಾಂಗ್ರೆಸ್ ಗಿಡ. ಐದು ವರ್ಷದ ಮಗಳು. 'ರಾತ್ರಿಯೆಲ್ಲ ದಮ್ಮು ಅಕ್ಕಾ, ಶೆಡ್ಡಿನವರು ಬೈತಾರಂತ ಎತ್ಕೊಂಡು ಹೊರಗ ಅಡ್ಡಾಡ್ತೀನಿ' ಅಂದಳು. ಚಳಿಯಲ್ಲಿ, ಹೊರಗೆ. ನಮ್ಮ ಡಾಕ್ಟರಿಗೇ ತೋರಿಸಿದೆವು. ಪಂಪ್ ಬರೆದುಕೊಟ್ಟರು, ಆದರೆ ಅಷ್ಟು ಚಿಕ್ಕ ಮಗುವಿಗೆ ಪಂಪ್ ನೇರ ಬಾಯಿಗೆ ಒತ್ತಿದರೆ ಔಷಧಿ ಗಂಟಲಿಗೇ ಅಂಟಿಕೊಳ್ಳುತ್ತೆ, ನಡುವೆ ಸ್ಪೇಸರ್ ಅನ್ನುವ ಡಬ್ಬಿ ಬೇಕು. ಅದಕ್ಕೆ ಬೇರೆ ದುಡ್ಡು. ಆಗ ಡಾಕ್ಟರೇ ಒಂದು ಖಾಲಿ ಅರ್ಧ ಲೀಟರ್ ಪ್ಲಾಸ್ಟಿಕ್ ಬಾಟಲಿ ತಗೊಂಡು, ತಳದಲ್ಲಿ ಪಂಪಿನ ಬಾಯಿ ಬಿಗಿಯಾಗಿ ಹಿಡಿಯುವಷ್ಟು ತೂತು ಮಾಡಿ, ಸುತ್ತ ಗೋಂದು ಹಾಕಿ ಗಾಳಿ ಹೋಗದ ಹಾಗೆ ಮುಚ್ಚಿ ಕೊಟ್ಟರು. ಅಂಗಡಿಯ ಸ್ಪೇಸರ್‌ಗೆ ಇದು ಏನೂ ಕಡಿಮೆಯಿಲ್ಲ ಅಂತ 1999ರಲ್ಲೇ ದಕ್ಷಿಣ ಆಫ್ರಿಕಾದ ಡಾಕ್ಟರುಗಳು ಮಕ್ಕಳ ಮೇಲೆ ಪರೀಕ್ಷಿಸಿ ತೋರಿಸಿದ್ದಾರೆ. ಇವತ್ತಿಗೂ ಅದೇ ಬಾಟಲಿ. ಸೋಪಿನ ನೀರಲ್ಲಿ ಅದ್ದಿ, ಒರೆಸದೆ ಹಾಗೇ ಆರಲು ಬಿಡಬೇಕು, ಒರೆಸಿದರೆ ಔಷಧಿ ಬಾಟಲಿಯ ಒಳಮೈಗೇ ಹಿಡಿದುಕೊಳ್ಳುತ್ತೆ. ಸಾಲ್ಬುಟಮಾಲ್, ಬುಡೆಸೊನೈಡ್ ಎರಡೂ ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿದ್ದರೆ ಸಾಲದು, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಪಂಪ್ ರೂಪದಲ್ಲೇ ಸಿಗಬೇಕು, ಮಾತ್ರೆ ಸಿರಪ್ ಕೊಟ್ಟು ಕಳಿಸಬಾರದು. ಸಂಬಂಧಪಟ್ಟವರು ನಿಮ್ಮ ಪತ್ರಿಕೆ ಓದುತ್ತಾರೆ ಅಂದುಕೊಂಡಿದ್ದೇನೆ.

ನನ್ನ ಮಗ ಈಗ ಆರನೇ ಕ್ಲಾಸು. ಕ್ಯಾಲೆಂಡರಿನಲ್ಲಿ ಈ ವರ್ಷ ಇನ್ನೂ ಒಂದೂ 'ಕೆ' ಇಲ್ಲ, ಹಾಲಿನ ಲೆಕ್ಕ ಮಾತ್ರ. ಮೊನ್ನೆ ಸೋಮವಾರ ಮತ್ತೆ ಡೈರಿಯಲ್ಲಿ 'ಕ್ಲಾಸಿನಲ್ಲಿ ನಿದ್ದೆ' ಅಂತ ಬಂತು. ಎದೆ ಧಸಕ್ಕೆಂದಿತು. ವಿಚಾರಿಸಿದರೆ ಭಾನುವಾರ ರಾತ್ರಿ ಹನ್ನೆರಡರವರೆಗೆ ರಗ್ಗಿನೊಳಗೆ ಅಪ್ಪನ ಮೊಬೈಲ್‌ನಲ್ಲಿ ಕ್ರಿಕೆಟ್ ನೋಡಿದ್ದಾನೆ. ಈ ಸಲ ಮೇಷ್ಟ್ರು ಹೇಳಿದ್ದೇ ಸರಿ. ಚೆನ್ನಾಗಿ ಬೈದೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ನಾಗರಭಾವಿ, ಬೆಂಗಳೂರು